1818ರ 'ರಾಮ ದರ್ಬಾರ್' ಆಣೆ: ದುಡ್ಡು ಕೊಡುವ ಮೊದಲು ಅಕ್ಷರ ಓದಿ

ಉಡುಪಿಯ ಒಂದು ಮನೆಯವರು ಸಾವಿರಗಟ್ಟಲೆ ಕೊಟ್ಟು ತಾಮ್ರದ ನಾಣ್ಯವೊಂದನ್ನು ಕೊಂಡರು. ಒಂದು ಬದಿಯಲ್ಲಿ ರಾಮ, ಸೀತೆ, ಲಕ್ಷ್ಮಣ, ಹನುಮಂತ. ಇನ್ನೊಂದು ಬದಿಯಲ್ಲಿ 'ಈಸ್ಟ್ ಇಂಡಿಯಾ ಕಂಪನಿ, ಒನ್ ಆಣೆ, 1818'. ಅಕ್ಕಿಕಾಳನ್ನು ತನ್ನತ್ತ ಎಳೆಯುತ್ತದೆ, ಕೋಟಿ ಬೆಲೆ ಬರುತ್ತದೆ ಎಂದು ನಂಬಿಸಿದ್ದರು. ಮಾರಲು ಹೋದರೆ ಕೇಳುವವರೇ ಇಲ್ಲ.

ಮೋಸ ನಾಣ್ಯದ ಮೇಲೆಯೇ ಬರೆದಿತ್ತು. ಒಂದಾಣೆಯ ನಾಣ್ಯ ಚಲಾವಣೆಗೆ ಬಂದದ್ದು 1900ರ ನಂತರ, ಬ್ರಿಟಿಷ್ ದೊರೆ ಏಳನೇ ಎಡ್ವರ್ಡ್ ಕಾಲದಲ್ಲಿ, ಅದೂ ತಾಮ್ರದ್ದಲ್ಲ, ಅಂಚು ಅಲೆಅಲೆಯಾಗಿರುವ ಬಿಳಿ ಲೋಹದ್ದು. ಕಂಪನಿ ದೇವರ ಚಿತ್ರದ ಆಣೆ ಹೊಡೆಸಲೇ ಇಲ್ಲ. ಇವು ಹರಕೆಯ ಬಿಲ್ಲೆಗಳು, ಅಷ್ಟೇ.

ಕಂಪನಿಯ ಅಸಲಿ ತಾಮ್ರ ನಮ್ಮ ಕರಾವಳಿಯ ಹಳೆಮನೆಗಳಲ್ಲಿ ಸಿಗುವುದುಂಟು, ಏಕೆಂದರೆ ದಕ್ಷಿಣ ಕನ್ನಡ 1799ರ ನಂತರ ಕಂಪನಿಯ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. 1808ರ ಮದರಾಸು ಕಾಸಿನಲ್ಲಿ ಎರಡು ಸಿಂಹಗಳು ಹಿಡಿದ ಕಂಪನಿಯ ಲಾಂಛನ, ಹಿಂಬದಿಯಲ್ಲಿ ಪಾರಸಿ ಬರಹ, ಕೆಳಗೆ ರೋಮನ್ ಅಂಕಿ: 'ಎಕ್ಸ್' ಎಂದರೆ ಹತ್ತು ಕಾಸು, ಎರಡು 'ಎಕ್ಸ್' ಇದ್ದರೆ ಇಪ್ಪತ್ತು. ಹೊಳೆಯುವ 1808 ಕಂಡರೆ ನಕಲಿ ಎನ್ನಬೇಡಿ. 1809ರಲ್ಲಿ ಮುಳುಗಿದ 'ಅಡ್ಮಿರಲ್ ಗಾರ್ಡ್ನರ್' ಹಡಗಿನಿಂದ ಇವು ರಾಶಿರಾಶಿ ಮೇಲೆ ಬಂದಿವೆ. ಇನ್ನೂ ಹಳೆಯದರಲ್ಲಿ ನಾಲ್ಕು ಭಾಗ ಮಾಡಿದ ಹೃದಯಾಕಾರ, ಒಳಗೆ ವಿ, ಇ, ಐ, ಸಿ, ಮೇಲೆ ನಾಲ್ಕರ ಅಂಕಿಯಂಥ ಗುರುತು. ಅದು ಕಂಪನಿಯ ಸರಕು ಮುದ್ರೆ. ಮಂತ್ರಾಕ್ಷರವಲ್ಲ, 'ಯುನೈಟೆಡ್ ಈಸ್ಟ್ ಇಂಡಿಯಾ ಕಂಪನಿ' ಎಂದರ್ಥ, 'ವಿ' ಎಂಬುದು 'ಯುನೈಟೆಡ್'ನ ಹಳೆ ಕಾಲದ 'ಯು'. 1840ರ ವಿಕ್ಟೋರಿಯಾ ರೂಪಾಯಿಯ ಕತ್ತಿನಡಿ 'ಡಬ್ಲ್ಯು ಡಬ್ಲ್ಯು' ಕಂಡರೆ ಅದು ಅಚ್ಚು ಕೆತ್ತಿದ ವಿಲಿಯಂ ವಯನ್ ಹೆಸರಿನ ಮೊದಲಕ್ಷರಗಳು. 'ಡಬ್ಲ್ಯು ಡಬ್ಲ್ಯು ಎಂದರೆ ವರ್ಲ್ಡ್ ವಾರ್, ಮಹಾಯುದ್ಧದ ನಾಣ್ಯ' ಎಂದವನನ್ನು ಅಲ್ಲೇ ಬಿಟ್ಟು ಬನ್ನಿ.

ಬೆಳ್ಳಿ ರೂಪಾಯಿಗಾದರೆ ಚಿನಿವಾರರ ತಕ್ಕಡಿ ಸಾಕು. 1835ರಿಂದ 1939ರವರೆಗಿನ ರೂಪಾಯಿ 11.66 ಗ್ರಾಂ, ಸವೆದು ಸ್ವಲ್ಪ ಇಳಿದಿರಬಹುದು, ಏರುವಂತಿಲ್ಲ. ಅಯಸ್ಕಾಂತಕ್ಕೆ ಅಂಟಬಾರದು. 1947ರದ್ದು ಅಂಟುತ್ತದೆ, ಅದು ನಿಕ್ಕಲ್. ಅಂಚಿನ ಮೇಲೆ ಸುತ್ತಲೂ ಜೋಡಣೆಯ ಗೆರೆ ಇದ್ದರೆ ಎರಕದ ನಕಲಿ.

ಈಗಿನ ನಾಣ್ಯಗಳದ್ದು ಬೇರೆ ಹಾವಳಿ. 'ಇಸವಿಯ ಕೆಳಗೆ ಗುರುತಿಲ್ಲ, ಟಂಕಸಾಲೆಯ ತಪ್ಪು, ಲಕ್ಷ ಬೆಲೆ' ಎನ್ನುತ್ತಾರೆ. ತಪ್ಪಲ್ಲ, ಗುರುತು ಹೇಳುವುದು ಟಂಕಸಾಲೆಯ ಊರನ್ನು: ಗುರುತಿಲ್ಲದಿದ್ದರೆ ಕೋಲ್ಕತ್ತ, ವಜ್ರಾಕಾರ ಮುಂಬೈ, ನಕ್ಷತ್ರ ಹೈದರಾಬಾದ್, ಚುಕ್ಕೆ ನೋಯ್ಡಾ. 2012ರ ವೈಷ್ಣೋದೇವಿ ಚಿತ್ರದ ಐದು, ಹತ್ತು ರೂಪಾಯಿಗೂ ಲಕ್ಷವಿಲ್ಲ.

ಕೊಳ್ಳುತ್ತೇನೆ ಎಂದವನೇ ನೋಂದಣಿ ಶುಲ್ಕ, ಆಮೇಲೆ ಜಿಎಸ್‌ಟಿ, ಆಮೇಲೆ ರಿಸರ್ವ್ ಬ್ಯಾಂಕ್ ಹೆಸರಿನ ಪತ್ರ ಕಳಿಸಿದರೆ ಮಾತು ನಿಲ್ಲಿಸಿ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಕಮಿಷನ್ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಸಾರಿದೆ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.