ಉಪ್ಪಳದ ಅರ್ಜಿ ಅಂಗಡಿ: ಐದರಲ್ಲಿ ನಾಲ್ಕು ಸ್ಟಾರ್

ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿ ತಾಲೂಕು ಕಚೇರಿಗೆ ಹೋಗುವ ದಾರಿಯಲ್ಲಿ ಈ ಜೆರಾಕ್ಸ್ ಅಂಗಡಿ ಇದೆ. ಬೋರ್ಡು ಮಲಯಾಳ, ಮಾತು ತುಳು, ಟೈಪಿಂಗ್ ಕನ್ನಡ.

ನನ್ನ ತೋಟದ ತೀರ್ವೆ (ಭೂಕಂದಾಯ) ಕಟ್ಟಿಸಿಕೊಳ್ಳದೆ ಒಂದು ಕಚೇರಿಯವರು ಎಂಟು ತಿಂಗಳು ಅಲೆದಾಡಿಸಿದರು. ಕಾರಣ ಬಾಯಲ್ಲಿ ಹೇಳುತ್ತಾರೆ, ಕಾಗದದಲ್ಲಿ ಕೊಡುವುದಿಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳೋಣ ಎಂದು ಇಲ್ಲಿಗೆ ಹೋದೆ. ನಾನು ಬರೆದುಕೊಂಡು ಹೋಗಿದ್ದ ಆರು "ಯಾಕೆ"ಗಳನ್ನೂ ಅಂಗಡಿಯವನು ಹೊಡೆದುಹಾಕಿದ. "ಮಾಷ್ಟ್ರೇ, ಯಾಕೆ ಅಂತ ಕೇಳಿದರೆ ನುಣುಚಿಕೊಳ್ತಾರೆ. ಫೈಲಿನ ಪ್ರತಿ ಕೇಳುವ" ಎಂದ. ಒಂದೇ ಪುಟ, 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪು. 30 ದಿನದ ಗಡುವು. ಇಪ್ಪತ್ತೇಳನೇ ದಿನ ಉತ್ತರ ಬಂತು, ಮಲಯಾಳದಲ್ಲಿ! ಇಲ್ಲಿನ ಕನ್ನಡಿಗರಿಗೆ ಕನ್ನಡದಲ್ಲೇ ಉತ್ತರ ಕೊಡಬೇಕು ಎನ್ನುವ ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯನ್ನು ತೋರಿಸಿ ಅವನೇ ಮೇಲ್ಮನವಿ ಬರೆದ. ಕನ್ನಡದ ಉತ್ತರವೂ ಬಂತು, ತೀರ್ವೆಯೂ ಕಟ್ಟಿ ಆಯಿತು.

ಗೋಡೆಗೆ ಲ್ಯಾಮಿನೇಟ್ ಮಾಡಿದ ಒಂದು ಹಾಳೆ ಅಂಟಿಸಿದ್ದಾನೆ. ಮಾಹಿತಿ ಹಕ್ಕು 2005. ಉದ್ಯೋಗ ಖಾತರಿ 2005, ನಮ್ಮಲ್ಲಿ ಎಲ್ಲರ ಬಾಯಲ್ಲೂ ಅದು ತೊಳಿಲುರಪ್ಪು. ಕೌಟುಂಬಿಕ ಹಿಂಸೆ ತಡೆ 2005, ಅರಣ್ಯ ಹಕ್ಕು 2006, ಹಿರಿಯ ನಾಗರಿಕರ ಪೋಷಣೆ 2007. ಎಲ್ಲವೂ 2004ರಿಂದ 2009ರವರೆಗಿನ 14ನೇ ಲೋಕಸಭೆಯ ಕಾಲದ ಕಾಯ್ದೆಗಳು. "ಆ ಐದು ವರ್ಷವೇ ನನ್ನ ಅಂಗಡಿ ನಡೆಸುವುದು" ಎಂದು ನಗುತ್ತಾನೆ. 2008ರ ಮುಂಬೈ ದಾಳಿಯಾದ ಮೇಲೆ ಅದೇ ಲೋಕಸಭೆ ಭಯೋತ್ಪಾದನೆ ತಡೆಯುವ ಯುಎಪಿಎ ಕಾಯ್ದೆಯನ್ನು ಬಿಗಿ ಮಾಡಿತು, ಅಂಥ ಕೇಸುಗಳ ತನಿಖೆಗೆ ಎನ್‌ಐಎ ಎಂಬ ಸಂಸ್ಥೆ ತಂದಿತು. ಅವು ಹಾಳೆಯಲ್ಲಿಲ್ಲ. ಅವಕ್ಕೆ ಅರ್ಜಿ ಬರೆಸುವವರು ಯಾರಿದ್ದಾರೆ, ಅಲ್ವಾ?

ಮೂರನೇ ಸಲ ಹೋದಾಗ ನನ್ನ ಮುಂದೆ ಒಬ್ಬರು ಅಜ್ಜಿ ಇದ್ದರು. ಮಗ ದುಬೈಯಲ್ಲಿ, ಖರ್ಚಿಗೆ ಕಳಿಸುವುದಿಲ್ಲ. 2007ರ ಕಾಯ್ದೆಯಲ್ಲಿ ಅರ್ಜಿ ಟೈಪ್ ಮಾಡಿದ, ಓದಿ ಹೇಳಿದ. ಅಜ್ಜಿ ಹೆಬ್ಬೆಟ್ಟು ಒತ್ತಲಿಲ್ಲ. "ಅವನಿಗೆ ಒಮ್ಮೆ ಫೋನ್ ಮಾಡಿ ನೋಡ್ತೇನೆ" ಎಂದು ಕಾಗದ ಮಡಚಿ ಸೆರಗಿಗೆ ಸಿಕ್ಕಿಸಿಕೊಂಡರು. ಅವನು ದುಡ್ಡು ಕೇಳಲಿಲ್ಲ. ನನ್ನ ಹತ್ತಿರ ಮಾತ್ರ ಪುಟಕ್ಕೆ 50 ರೂಪಾಯಿ, ಬಿಡಿಗಾಸು ಬಿಡಲಿಲ್ಲ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಕಾಗುಣಿತಕ್ಕೆ. ನನ್ನ ಮೊದಲ ಪ್ರತಿಯಲ್ಲಿ "ಮಾಹಿತಿ ಹಕ್ಕು ಅಜ್ಜಿ" ಎಂದಿತ್ತು. ಸಹಿ ಹಾಕುವ ಮೊದಲು ಪೂರ್ತಿ ಓದಿ. ಕುರ್ಚಿ ಒಂದೇ ಇದೆ. ಶುಕ್ರವಾರ ಹೋಗುವುದಾದರೆ ಎರಡೂವರೆಯ ನಂತರ ಹೋಗಿ.