ನಾಯಿಯ ಉಣ್ಣಿಗೆ ಹಚ್ಚುವ ಮದ್ದೋ, ತಿನ್ನಿಸುವ ಮದ್ದೋ?

ನಮ್ಮ ನಾಯಿ ಬೊಗ್ಗನ ಉಣ್ಣಿಗೆಂದು ದುಡ್ಡು ಕೊಟ್ಟು ತಂದ ಮದ್ದುಗಳಲ್ಲಿ ನಮ್ಮ ಮನೆಯಲ್ಲಿ ನೆಲೆನಿಂತದ್ದು ತಿಂಗಳಿಗೊಮ್ಮೆ ತಿನ್ನಿಸುವ ಮಾತ್ರೆಯೊಂದೇ. ಉಳಿದವು ಕೆಲಸಕ್ಕೆ ಬಾರದವು ಎಂದು ನಾನು ಹೇಳುವುದಿಲ್ಲ. ಕಾಸರಗೋಡಿನ ಪೆರ್ಲದ ಕಡೆಯ ಅಡಿಕೆ ತೋಟದ ಮನೆಗೆ, ವರ್ಷದ ಹೆಚ್ಚಿನ ಕಾಲ ಒದ್ದೆ ಮೈಯಲ್ಲೇ ತಿರುಗುವ ನಾಯಿಗೆ ಅವು ಹೊಂದಲಿಲ್ಲ, ಅಷ್ಟೆ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳಲು ಕಾರಣ ಉಣ್ಣಿ ಜ್ವರ. ನಾಯಿಗಳಿಗೆ ಸಾಮಾನ್ಯವಾಗಿ ಹತ್ತುವ ಕಂದು ಉಣ್ಣಿ ರಕ್ತ ಹೀರುವುದರ ಜೊತೆಗೆ ಎರ್ಲಿಕಿಯಾ, ಬೆಬೇಸಿಯಾ ಎಂಬ ರೋಗಾಣುಗಳನ್ನೂ ದಾಟಿಸುತ್ತದೆ. ಬೊಗ್ಗ ಅನ್ನ ಬಿಟ್ಟು ಮೂಲೆ ಸೇರಿದಾಗ ರಕ್ತ ಪರೀಕ್ಷೆ ಮಾಡಿಸಿದರೆ ಪ್ಲೇಟ್‌ಲೆಟ್ ತೀರ ಕುಸಿದಿತ್ತು. ಡಾಕ್ಸಿಸೈಕ್ಲಿನ್ ಮಾತ್ರೆಯನ್ನು 28 ದಿನ ತಪ್ಪದೆ ಕೊಡಬೇಕಾಯಿತು. ಆ ಖರ್ಚಿನ ಮುಂದೆ ಉಣ್ಣಿ ಮದ್ದಿನ ಬೆಲೆ ದೊಡ್ಡದಲ್ಲ.

ಬೇವಿನ ಎಣ್ಣೆ, ಹೊಂಗೆ ಎಣ್ಣೆ ಹಚ್ಚಿದರೆ ಉಣ್ಣಿ ಸ್ವಲ್ಪ ಮಟ್ಟಿಗೆ ದೂರವಿರಬಹುದು, ಆದರೆ ಕಚ್ಚಿ ಕುಳಿತದ್ದು ಬೀಳುವುದಿಲ್ಲ. ಹೊಗೆಸೊಪ್ಪಿನ ಕಷಾಯವನ್ನಂತೂ ಯಾರೂ ಹಚ್ಚಬಾರದು, ನಾಯಿ ನೆಕ್ಕಿದರೆ ಅದರಲ್ಲಿರುವ ನಿಕೋಟಿನ್ ವಿಷವಾಗುತ್ತದೆ.

ನೀರಿಗೆ ಬೆರೆಸಿ ಮೈಗೆ ಹಚ್ಚುವ ಅಮಿಟ್ರಾಜ್ ಎಲ್ಲಕ್ಕಿಂತ ಅಗ್ಗ. ಹಟ್ಟಿಯಲ್ಲಿ ದನಗಳಿಗೂ ಬಳಸುವ ಮದ್ದಾದ್ದರಿಂದ ಪಶು ಔಷಧದ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಹಚ್ಚಿದ ಮೇಲೆ ತೊಳೆಯದೆ ಮೈಯಲ್ಲೇ ಒಣಗಲು ಬಿಡಬೇಕು, ಅಲ್ಲಿಯವರೆಗೆ ನಾಯಿ ನೆಕ್ಕದಂತೆ ಕಾಯಬೇಕು. ಪ್ರಮಾಣ ತಪ್ಪಿದರೆ ನಾಯಿಗೆ ಮಂಕು ಕವಿಯುತ್ತದೆ, ಮೈ ತಣ್ಣಗಾಗುತ್ತದೆ. ನಾಲ್ಕೈದು ನಾಯಿಗಳಿರುವ, ಬಿಸಿಲು ಬೀಳುವ ಅಂಗಳವಿರುವ ಮನೆಗೆ ಇದು ಸರಿ. ಆಷಾಢದಲ್ಲಿ ನಮ್ಮಲ್ಲಿ ಅಡಿಕೆ ಹಾಳೆಯೇ ಒಣಗುವುದಿಲ್ಲ, ನಾಯಿ ಒಣಗುವುದು ದೂರದ ಮಾತು.

ನಾನು ಹೆಚ್ಚು ನಂಬಿದ್ದು ಮತ್ತು ಹೆಚ್ಚು ಕಾಟ ಕೊಟ್ಟದ್ದು ಬೆನ್ನಿಗೆ ಹನಿಸುವ ಫಿಪ್ರೊನಿಲ್ ಟ್ಯೂಬು. ಹೆಗಲ ನಡುವೆ ಕೂದಲು ಬಿಡಿಸಿ ಚರ್ಮಕ್ಕೆ ಹನಿಸಿದ ಮದ್ದು, ಚರ್ಮದ ಜಿಡ್ಡಿನೊಂದಿಗೆ ಒಂದೆರಡು ದಿನಗಳಲ್ಲಿ ಮೈಯೆಲ್ಲ ಹರಡುತ್ತದೆ; ಜಿಡ್ಡಿನ ಗ್ರಂಥಿಗಳಲ್ಲಿ ಉಳಿದು ತಿಂಗಳಿಡೀ ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತದೆ. ಆದ್ದರಿಂದಲೇ ಹನಿಸುವ ಎರಡು ದಿನ ಮೊದಲು ಮತ್ತು ಎರಡು ದಿನ ಅನಂತರ ನಾಯಿಯನ್ನು ಮೀಯಿಸಬಾರದೆಂಬ ನಿಯಮ. ಶಾಂಪೂ ಹಾಕಿ ಮೀಯಿಸಿದರೆ ಮದ್ದು ಹರಡಬೇಕಾದ ಜಿಡ್ಡೇ ತೊಳೆದುಹೋಗುತ್ತದೆ.

ನಾವು ಮೀಯಿಸದಿದ್ದರೆ ಸಾಕೇ? ಕಾಸರಗೋಡಿನ ಮಳೆಗಾಲದಲ್ಲಿ ನಾಯಿಯನ್ನು ನಾಲ್ಕು ದಿನ ಸಾಲಾಗಿ ಒಣ ಮೈಯಲ್ಲಿ ಇಟ್ಟುಕೊಳ್ಳಬೇಕೆಂದರೆ ಚಾವಡಿಯಲ್ಲಿ ಕಟ್ಟಿಹಾಕಬೇಕು. ತೋಟ ಸುತ್ತಿ ರೂಢಿಯಾದ ಬೊಗ್ಗ ರಾತ್ರಿಯಿಡೀ ಊಳಿಡುತ್ತಾನೆ, ಮನೆಮಂದಿ ನಿದ್ದೆಗೆಡುತ್ತಾರೆ, ಮೂರನೆಯ ದಿನ ಯಾರಾದರೊಬ್ಬರು ಕನಿಕರದಿಂದ ಸಂಕೋಲೆ ಬಿಚ್ಚುತ್ತಾರೆ, ಅವನು ನೇರವಾಗಿ ತೋಡಿಗೆ ಇಳಿಯುತ್ತಾನೆ. ಬೇಸಗೆಯಲ್ಲಾದರೂ ಉಪಯೋಗವಾದೀತೆಂದು ಟ್ಯೂಬುಗಳನ್ನು ತೆಗೆದಿರಿಸಿದೆ. ಬೇಸಗೆಯಲ್ಲಿ ತೋಟಕ್ಕೆ ಸ್ಪ್ರಿಂಕ್ಲರ್ ಬಿಡುವುದು ಶುರುವಾದ ಮೇಲೆ ಅವನ ಮಧ್ಯಾಹ್ನದ ನಿದ್ದೆಯೆಲ್ಲ ಸ್ಪ್ರಿಂಕ್ಲರಿನ ಅಡಿಯಲ್ಲೇ! ಹದಿನೈದು ದಿನ ಕಳೆಯುವುದರೊಳಗೆ ಬೆರಳ ಸಂದಿಯಲ್ಲಿ ಮರಿಗಳು, ಕಿವಿಯ ಒಳಮಡಿಕೆಯಲ್ಲಿ ಹರಳು ಬೀಜದಂತೆ ಊದಿಕೊಂಡ ಹೆಣ್ಣುಣ್ಣಿಗಳು ಪುನಃ ಕಾಣಿಸಿಕೊಳ್ಳುತ್ತಿದ್ದವು.

ಮನೆಯೊಳಗೇ ಬೆಳೆಯುವ, ಮಳೆ ಕಂಡರೆ ಜಗಲಿ ಇಳಿಯದ ಸಣ್ಣ ತಳಿಯ ನಾಯಿ ನಮ್ಮದಾಗಿದ್ದರೆ ನಾನು ಈಗಲೂ ಟ್ಯೂಬನ್ನೇ ತರುತ್ತಿದ್ದೆ, ಮಾತ್ರೆಯ ಬಗ್ಗೆ ವಿಚಾರಿಸಲೂ ಹೋಗುತ್ತಿರಲಿಲ್ಲ.

ಕೊರಳಿಗೆ ಕಟ್ಟುವ ಫ್ಲುಮೆಥ್ರಿನ್ ಪಟ್ಟಿ ಏಳೆಂಟು ತಿಂಗಳು ಬರುತ್ತದೆ ಎನ್ನುತ್ತಾರೆ. ನಮ್ಮದು ಬೇಲಿಯ ಯಾವುದೋ ಕಂಡಿಯಲ್ಲಿ ಸಿಕ್ಕಿಹಾಕಿಕೊಂಡು ಹೋಯಿತು.

ಹೀಗೆ ಮೈಗೆ ಹಚ್ಚುವುದನ್ನು ಕೈಬಿಟ್ಟಾಗ ಗೋಡೆಗೆ ಮದ್ದು ಹೊಡೆಯುವ ಸಲಹೆ ಬಂತು, ಅದರಲ್ಲಿ ತಿರುಳಿಲ್ಲದಿಲ್ಲ. ಕಂದು ಉಣ್ಣಿ ಮರಿಯಾಗಿ, ಎಳೆ ಉಣ್ಣಿಯಾಗಿ, ಬೆಳೆದ ಉಣ್ಣಿಯಾಗಿ ಮೂರು ಸಲ ನಾಯಿಯ ಮೈ ಹತ್ತಿ, ರಕ್ತ ತುಂಬಿದ ಮೇಲೆ ಪ್ರತಿ ಸಲವೂ ಇಳಿದು ಸಂದಿಗೊಂದಿ ಸೇರುತ್ತದೆ. ಹೆಣ್ಣುಣ್ಣಿ ಅಲ್ಲೇ ಸಾವಿರಗಟ್ಟಲೆ ಮೊಟ್ಟೆಯಿಟ್ಟು ಸಾಯುತ್ತದೆ. ನಾಯಿಯ ಮೇಲೆ ಕಾಣುವುದು ಒಟ್ಟು ಸಂಖ್ಯೆಯ ಸಣ್ಣ ಪಾಲು ಮಾತ್ರ. ಸಾರಣೆ ಮಾಡದ ಮುರಕಲ್ಲಿನ ಗೋಡೆಯಲ್ಲಿ ಅಡಗುವುದಕ್ಕೆ ತೂತುಗಳಿಗೇನು ಬರ? ಸಂಜೆ ಟಾರ್ಚು ಹಿಡಿದು ನೋಡಿದರೆ ಒಂದೊಂದೇ ಮೇಲಕ್ಕೆ ಹತ್ತುವುದು ಕಾಣಿಸುತ್ತಿತ್ತು. ಆದರೆ ಡೆಲ್ಟಾಮೆಥ್ರಿನ್ ಸಿಂಪಡಣೆಗೆ ನಮ್ಮ ಮನೆಯಲ್ಲಿ ಒಪ್ಪಿಗೆ ಸಿಗಲಿಲ್ಲ. ಅಂಗಳದ ಬದಿಯಲ್ಲೇ, ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು ಬಂದು ಬೀಳುವ ಟ್ಯಾಂಕಿ ಇದೆ, ಕುಡಿಯುವುದಕ್ಕೂ ಅದೇ ನೀರು; ಅದರಲ್ಲಿ ಬಿಟ್ಟಿರುವ ಮೀನುಗಳಿಗೆ ಆ ಮದ್ದು ಹನಿಯಷ್ಟು ತಾಗಿದರೂ ಅಪಾಯ. ಅದಕ್ಕೂ ಮಿಗಿಲಾಗಿ, ಗೇರು ತೋಟಗಳ ಮೇಲೆ 2000ದ ಸುಮಾರಿನವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ನಮ್ಮ ಎಣ್ಮಕಜೆ ಪಂಚಾಯತಿನಲ್ಲಿ, ಸ್ಪ್ರೇಯರ್ ಹೆಗಲಿಗೇರಿಸಿಕೊಂಡು ಮನೆಯ ಸುತ್ತ ವಿಷ ಹೊಡೆಯುತ್ತೇನೆಂದರೆ ಅತ್ತೆಯವರ ಮುಖ ಹೇಗಾಗುತ್ತದೆಂದು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ.

ಮಾತ್ರೆಯ ಹೆಚ್ಚುಗಾರಿಕೆ ಇಲ್ಲೇ ಇರುವುದು. ಅದರಲ್ಲಿರುವ ಅಫಾಕ್ಸೊಲೇನರ್ ಎಂಬ ಮದ್ದು ರಕ್ತದಲ್ಲಿರುತ್ತದೆ, ಮೈ ನೆನೆದರೂ ಅದಕ್ಕೆ ಲೆಕ್ಕವಿಲ್ಲ, ಗೋಡೆಯಿಂದ ಇಳಿದು ಬಂದು ಕಚ್ಚಿದ ಉಣ್ಣಿ ಒಂದೆರಡು ದಿನಗಳೊಳಗೆ ಸಾಯುತ್ತದೆ. ನಾಯಿಯೇ ಬೋನಿನ ಕೆಲಸ ಮಾಡುವುದರಿಂದ ಗೋಡೆಯ ಸಂತಾನವೂ ಕ್ರಮೇಣ ಕರಗುತ್ತದೆ. ತಕ್ಷಣ ಅಲ್ಲ, ಏಕೆಂದರೆ ಉಣ್ಣಿ ಆಹಾರವಿಲ್ಲದೆ ತಿಂಗಳುಗಟ್ಟಲೆ ಕಾಯಬಲ್ಲದು. ಮೊದಲ ತಿಂಗಳಲ್ಲಿ ಹೊಸ ಉಣ್ಣಿಗಳು ಹತ್ತುತ್ತಲೇ ಇರುತ್ತವೆ. ಅದನ್ನು ಕಂಡು ಮದ್ದು ಹಿಡಿಯಲಿಲ್ಲವೆಂದು ಬಿಟ್ಟವರನ್ನು ಬಲ್ಲೆ. ಬಾಚಣಿಗೆ ಆಡಿಸಿದಾಗ ಅವು ಕಾಲು ಮಡಚಿಕೊಂಡು ಒಣಗಿ ಉದುರುತ್ತಿವೆಯೇ ಎಂದು ನೋಡಬೇಕು.

ದೋಷಗಳೂ ಇವೆ. ಉಣ್ಣಿ ಕಚ್ಚಿದ ಮೇಲೆಯೇ ಸಾಯುವುದರಿಂದ ಜ್ವರದ ಭಯ ಪೂರ್ತಿ ಹೋಗುವುದಿಲ್ಲ. ಈ ಗುಂಪಿನ ಮದ್ದುಗಳಿಂದ ಕೆಲವು ನಾಯಿಗಳಿಗೆ ನಡುಕ, ಸೆಳವು ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ. ಹಿಂದೆ ಸೆಳವು ಬಂದಿರುವ ನಾಯಿಯಾದರೆ ಪಶುವೈದ್ಯರನ್ನು ಕೇಳದೆ ಕೊಡಬಾರದು. ಮತ್ತೊಂದು ನಮ್ಮ ಮನೆಯ ತಾಪತ್ರಯ. ಮಾತ್ರೆಗೆ ಮಾಂಸದ ರುಚಿ ಕಟ್ಟಿರುವುದರಿಂದ ಸಸ್ಯಾಹಾರಿ ಅಡುಗೆಮನೆಯ ಹೊಸ್ತಿಲನ್ನು ಅದು ದಾಟುವಂತಿಲ್ಲ, ಅದರ ವಾಸ ಹಟ್ಟಿಯ ಹಲಗೆಯ ಮೇಲೆ. ಬೊಗ್ಗನಂತೂ ಕವರು ಹರಿಯುವ ಸದ್ದಿಗೇ ಓಡಿ ಬರುತ್ತಾನೆ.

ಬೆಲೆಯಲ್ಲಿ ಮಾತ್ರೆ ನನಗೆ ಟ್ಯೂಬಿನ ಎರಡು ಪಟ್ಟು ಬೀಳುತ್ತದೆ. ಅಡಿಕೆ ಮಾರಲು ಪುತ್ತೂರಿಗೆ ಹೋದಾಗ ಒಟ್ಟಿಗೆ ಮೂರು ತಂದಿಟ್ಟುಕೊಂಡು ಸಂಕ್ರಮಣಕ್ಕೊಂದರಂತೆ ಕೊಡುತ್ತೇನೆ. ಮಳೆಗಾಲದಲ್ಲಿ ಬರುವ 32 ದಿನಗಳ ಸೌರ ತಿಂಗಳಲ್ಲಿ ಮಾತ್ರ ಎರಡು ದಿನ ಮುಂಚಿತವಾಗಿ. ಮೂರು ತಿಂಗಳು ಬರುವ ಫ್ಲುರಲೇನರ್ ಮಾತ್ರೆಯೂ ಸಿಗುತ್ತದೆ, ದಿನ ನೆನಪಿಡಲಾಗದವರಿಗೆ ಅದೇ ಅನುಕೂಲ. ಒಮ್ಮೆಗೇ ಅಷ್ಟು ಹಣ ಎತ್ತಿಡುವುದು ನನಗೆ ಆಗದು. ಅಲ್ಲದೆ ಒಗ್ಗದ ಮದ್ದು ಮೈಯಲ್ಲಿ ಒಂದು ತಿಂಗಳಿದ್ದು ಹೋದರೆ ತಾಳಿಕೊಳ್ಳಬಹುದು, ಮೂರು ತಿಂಗಳೆಂದರೆ ನಾಯಿಗೂ ಕಷ್ಟ, ನೋಡುವವರಿಗೂ ಕಷ್ಟ.