ಹೊಂಗೆ ಡೀಸೆಲ್‌ನ ಗ್ಲಿಸರಾಲ್‌ಗೆ ಯಾವ ಯೀಸ್ಟ್?

ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡಿದರೆ ತಳದಲ್ಲಿ ಕಂದು ಗ್ಲಿಸರಾಲ್ ಉಳಿಯುತ್ತದೆ. ಡೀಸೆಲ್‌ನ ತೂಕದ ಸುಮಾರು ಹತ್ತರಲ್ಲೊಂದು ಪಾಲು. ಅದರಲ್ಲಿ ಯೀಸ್ಟ್ ಬೆಳೆಸಿ ಕಿಣ್ವ ತೆಗೆಯಬಹುದು. ಯಾರೋವಿಯಾ ಲಿಪೊಲಿಟಿಕಾ ಒಳ್ಳೆಯದೋ, ಪಿಕಿಯಾ ಪಾಸ್ಟೋರಿಸ್ ಒಳ್ಳೆಯದೋ ಎಂದು ಯೋಚಿಸುತ್ತಿರುವ ತುಮಕೂರಿನ ವಿದ್ಯಾರ್ಥಿಗಳಿಗೆ ಇದು.

ಯಾರೋವಿಯಾ ಎಣ್ಣೆ, ಕೊಬ್ಬನ್ನೂ ತಿಂದು ಬದುಕುತ್ತದೆ. ಕೊಬ್ಬನ್ನು ಒಡೆಯುವ ಲೈಪೇಸ್ ಕಿಣ್ವವನ್ನು ತಾನಾಗಿಯೇ ಹೊರಬಿಡುತ್ತದೆ, ಜೀನ್ ಸೇರಿಸುವ ಕೆಲಸವಿಲ್ಲ. ಹೊಂಗೆ ಎಣ್ಣೆಯಲ್ಲಿ ಬಿಡಿ ಕೊಬ್ಬಿನಾಮ್ಲ ಜಾಸ್ತಿ ಇದ್ದರೆ ಗ್ಲಿಸರಾಲ್‌ನಲ್ಲಿ ಸೋಪೂ ಜಾಸ್ತಿ. ಫಾಸ್ಫಾರಿಕ್ ಆಮ್ಲ ಹಾಕಿ ನೋಡಿ: ಸೋಪು ಒಡೆದು ಮೇಲೆ ಎಣ್ಣೆಯಂಥ ಗಾಢ ಪದರ ತೇಲುತ್ತದೆ, ಉಪ್ಪು ತಳ ಸೇರುತ್ತದೆ. ನಡುವೆ ಇರುವುದೇ ಗ್ಲಿಸರಾಲ್. ಮೇಲಿನ ಪದರ ಚೂರು ಉಳಿದರೂ ಯಾರೋವಿಯಾಗೆ ತೊಂದರೆಯಿಲ್ಲ. ಕೊಬ್ಬಿನಾಮ್ಲ ಸಿಕ್ಕರೆ ಲೈಪೇಸ್ ಹೆಚ್ಚುವುದೂ ಉಂಟು!

ಪಿಕಿಯಾದ ಶಕ್ತಿಯೇ ಬೇರೆ. ಬೇಕಾದ ಜೀನ್ ಸೇರಿಸಿದರೆ, ಕೋಳಿ ಆಹಾರಕ್ಕೆ ಬೆರೆಸುವ ಫೈಟೇಸ್‌ನಂಥ ಕಿಣ್ವವನ್ನೂ ಧಾರಾಳವಾಗಿ ಕೊಡುತ್ತದೆ. ತನ್ನದೇ ಪ್ರೋಟೀನ್ ಕಡಿಮೆ ಹೊರಬಿಡುವುದರಿಂದ ಶುದ್ಧ ಮಾಡುವುದು ಸುಲಭ. ಬಯೋಡೀಸೆಲ್ ಮಾಡಲು ಬಳಸುವ ಆಲ್ಕೋಹಾಲ್ ಆದ ಮೆಥನಾಲನ್ನೂ ತಿನ್ನುತ್ತದೆ. ಆದರೆ ಮೆಥನಾಲ್‌ನಿಂದ ಜೀನ್ ಎಬ್ಬಿಸುವ ಪದ್ಧತಿಯಲ್ಲಿ, ಗ್ಲಿಸರಾಲ್ ಇರುವವರೆಗೂ ಆ ಜೀನ್ ಸುಮ್ನೆ ಇರುತ್ತದೆ. ಗ್ಲಿಸರಾಲ್ ಮುಗಿದ ಮೇಲೆ ಮೆಥನಾಲ್ ಅಳೆದು ಕೊಡಬೇಕು. ಫ್ಲಾಸ್ಕ್ ಅಲುಗಾಡಿಸುವ ಸಾಧಾರಣ ಶೇಕರ್‌ನಲ್ಲಿ ಈ ಹಿಡಿತ ಸಿಗುವುದು ಕಷ್ಟ.

ಎರಡಕ್ಕೂ 28-30 ಡಿಗ್ರಿ ಶಾಖ, ಧಾರಾಳ ಗಾಳಿ ಬೇಕು. ನಮ್ಮ ಏಪ್ರಿಲ್ ಬಿಸಿಲಲ್ಲಿ ತಂಪು ಮಾಡುವ ಶೇಕರ್ ಇಲ್ಲದೆ ಆಗದು. ಕಚ್ಚಾ ಗ್ಲಿಸರಾಲ್‌ನಲ್ಲಿ ಉಳಿದಿರುವ ಮೆಥನಾಲ್ ವಿಷ, ಬೇಗ ಹೊತ್ತಿಕೊಳ್ಳುತ್ತದೆ. ಒಲೆ ಮೇಲೆ ಕಾಯಿಸಲೇಬೇಡಿ.

ಒಂದೇ ಸೆಮಿಸ್ಟರ್ ಸಮಯ ಇದ್ದರೆ ಯಾರೋವಿಯಾ ಹಿಡಿಯಿರಿ. ಜೀನ್ ಕೆಲಸ ಬಲ್ಲ ಗೈಡ್, ಗಾಳಿ-ಆಹಾರ ಅಳೆದು ಕೊಡುವ ಫರ್ಮೆಂಟರ್ ಎರಡೂ ಇದ್ದರೆ ಮಾತ್ರ ಪಿಕಿಯಾ.